ಡೌಟು ಕನ್ನಡದಲ್ಲೇ ಕೇಳು, ತಂಗಿ

ಶಿರಾ ತಾಲೂಕಿನ ಹುಡುಗಿಯೊಬ್ಬಳು ಬರೆದಿದ್ದಾಳೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಪಿಯುಸಿ ಪುಸ್ತಕ ಇಂಗ್ಲಿಷಿನದ್ದು, ಆದರೆ ಮೇಷ್ಟ್ರು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಈಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಮೊದಲ ಸೆಮಿಸ್ಟರ್. ‘ಪಾಠ ಅರ್ಧ ಅರ್ಥ ಆಗಲ್ಲ. ಎದ್ದು ಕೇಳಿದರೆ ನಗ್ತಾರೆ ಅಂತ ಭಯ. ಮೊದಲ ಇಂಟರ್ನಲ್ಸ್ ಕೈಕೊಟ್ಟಿತು. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಲಾ, ಇಲ್ಲ ಕಾಲೇಜೇ ಬಿಡಲಾ?’ ಇದು ಅವಳ ಪ್ರಶ್ನೆ.

ನನ್ನ ಮಗಳ ವಯಸ್ಸು ನಿನ್ನದು. ನೀನು ಅಂತಲೇ ಬರೆಯುತ್ತೇನೆ, ಬೇಸರ ಬೇಡ.

ನಿನ್ನ ಪತ್ರ ನಾಲ್ಕು ಪುಟ. ಒಂದು ಕಾಗುಣಿತವೂ ತಪ್ಪಿಲ್ಲ. ಮೂರನೇ ಪುಟದಲ್ಲಿ ಒಂದು ಸಾಲು ಬರೆದು ಮೇಲೆ ಗೀಟು ಎಳೆದಿದ್ದೀಯ. ದೀಪದ ಹತ್ತಿರ ಹಿಡಿದು ಓದಿದೆ. ‘ವೋಲ್ಟೇಜ್ ಅಂದ್ರೆ ನಮ್ಮನೆ ಮೇಲಿನ ಸಿಂಟೆಕ್ಸಲ್ಲಿ ನೀರು ಎತ್ತರದಲ್ಲಿ ಇರುತ್ತಲ್ಲ, ಆ ಥರ ಅಂದ್ಕೊಂಡಿದ್ದೆ. ತಪ್ಪಿರಬೇಕು.’

ತಪ್ಪಿಲ್ಲ ತಂಗಿ! ಎತ್ತರದ ವ್ಯತ್ಯಾಸ ಇದ್ದರೆ ನೀರು ಹರಿಯುತ್ತೆ, ವೋಲ್ಟೇಜಿನ ವ್ಯತ್ಯಾಸ ಇದ್ದರೆ ಕರೆಂಟ್ ಹರಿಯುತ್ತೆ. ಪಾಠ ನಿನಗೆ ಅರ್ಥವಾಗಿದೆ. ಕನ್ನಡದಲ್ಲಿ ಅರ್ಥವಾಗಿದ್ದನ್ನು ಅರ್ಥವೇ ಅಲ್ಲ ಅಂದುಕೊಂಡು ಗೀಟು ಎಳೆದೆಯಲ್ಲ, ಅದಕ್ಕೆ ಮಾತ್ರ ನನಗೆ ಸಿಟ್ಟು ಬಂದಿದೆ.

ನಾನು ಬಿಎಸ್ಸಿಗೆ ಸೇರಿದಾಗ ‘ಮೊಮೆಂಟ್’ ಅನ್ನೋ ಪದ ವಾರಗಟ್ಟಲೆ ಕಾಡಿತ್ತು. ಕ್ಲಾಸಲ್ಲಿ ಕೇಳಿದ್ದಕ್ಕೆ ‘ಇಂಗ್ಲಿಷಲ್ಲಿ ಕೇಳು’ ಅಂದರು, ಸುಮ್ನೆ ಕೂತೆ. ರಾತ್ರಿ ಹಾಸ್ಟೆಲಿನ ಸೀನಿಯರ್ ಒಬ್ಬರು ನನ್ನನ್ನು ರೂಮಿನ ಬಾಗಿಲ ಹತ್ತಿರ ನಿಲ್ಲಿಸಿ, ‘ಕೀಲಿನ ಪಕ್ಕ ಒಂದೇ ಬೆರಳಲ್ಲಿ ತಳ್ಳು’ ಅಂದರು. ಬಾಗಿಲು ಅಲ್ಲಾಡಲಿಲ್ಲ. ‘ಈಗ ಅಂಚಲ್ಲಿ ತಳ್ಳು.’ ಸಲೀಸಾಗಿ ತಿರುಗಿತು. ಅಷ್ಟೇ ಬಲ, ದೂರ ಜಾಸ್ತಿ, ಅದಕ್ಕೇ ತಿರುಗಿಸೋ ಪರಿಣಾಮವೂ ಜಾಸ್ತಿ. ಅದೇ ಮೊಮೆಂಟ್. ಆಮೇಲೆ ಆ ಪಾಠ ಇಂಗ್ಲಿಷಲ್ಲಿ ಬರೆಯೋದು ನನಗೆ ಕಷ್ಟವೇ ಆಗಲಿಲ್ಲ.

ಇಂಗ್ಲಿಷ್ ಬೇಕು, ಇಲ್ಲ ಅನ್ನಲ್ಲ. ಪರೀಕ್ಷೆಗೂ ಬೇಕು, ಕೆಲಸಕ್ಕೂ ಬೇಕು. ಆದರೆ ಅದು ಮೊದಲ ಮೆಟ್ಟಿಲಲ್ಲ. ವಿಜ್ಞಾನಿ ಸಿ.ಎನ್.ಆರ್. ರಾವ್ ಬಸವನಗುಡಿಯ ಶಾಲೆಯಲ್ಲಿ ಕನ್ನಡದಲ್ಲೇ ಕಲಿತು 1947ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು. ಮನೆಯಲ್ಲಿ ತಂದೆ ಇಂಗ್ಲಿಷ್ ಅಭ್ಯಾಸ ಮಾಡಿಸುತ್ತಿದ್ದರು, ಅದೂ ನಿಜ. 1958ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ, 2014ರಲ್ಲಿ ಭಾರತ ರತ್ನ. ಕನ್ನಡದ ಅಡಿಪಾಯ ಅವರನ್ನು ಎಲ್ಲಿ ತಡೆಯಿತು, ಹೇಳು?

ಸ್ಪೋಕನ್ ಇಂಗ್ಲಿಷಿಗೆ ಕಟ್ಟೋ ದುಡ್ಡು ಸದ್ಯ ಉಳಿಸು. ನೋಟ್ಸ್ ಬುಕ್ಕಿನ ಎಡಪುಟದಲ್ಲಿ ಕ್ಲಾಸಿನ ಇಂಗ್ಲಿಷ್ ಇರಲಿ. ಬಲಪುಟದಲ್ಲಿ ಅದೇ ಮಾತು ನಿನ್ನ ಕನ್ನಡದಲ್ಲಿ, ಅವತ್ತೇ ರಾತ್ರಿ, ಊಟ ಆದ ಮೇಲೆ. ಬಲಪುಟ ಖಾಲಿ ಉಳಿದ ಜಾಗವೇ ನಿನ್ನ ಡೌಟು. ನಿನ್ನದು ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜು. ನೂರರಲ್ಲಿ 50 ಅಂಕ ಕಾಲೇಜಿನೊಳಗೇ ಸಿಗೋದು, ಒಂದು ಟೆಸ್ಟು ಹೋದರೆ ಎಲ್ಲ ಮುಗಿಯಲ್ಲ. ಶೇ. 85 ಹಾಜರಿ ಮಾತ್ರ ಬಿಡಬೇಡ, ಅಳು ಬಂದ ದಿನವೂ ಹೋಗಿ ಕೂತುಕೋ. ಮೆಸ್ಸಲ್ಲಿ ಒಬ್ಬಳೇ ಉಣ್ತೀನಿ ಅಂತ ಬರೆದಿದ್ದೀಯ. ನಿನ್ನ ಕ್ಲಾಸಲ್ಲಿ ನಿನ್ನ ಹಾಗೇ ಬಾಯಿ ಮುಚ್ಚಿಕೊಂಡು ಕೂತವರು ಇನ್ನೂ ನಾಲ್ಕು ಜನ ಇದ್ದೇ ಇರ್ತಾರೆ. ಹುಡುಕು, ಅವರ ಜೊತೆ ಕೂತು ಉಣ್ಣು.

ತಪ್ಪು ನಿನ್ನೊಬ್ಬಳದ್ದಲ್ಲ. ಕಾರಿಡಾರಿನಲ್ಲಿ ‘ಇಂಗ್ಲಿಷಿನಲ್ಲೇ ಮಾತಾಡಿ’ ಅಂತ ಬೋರ್ಡು ಹಾಕೋರು ಯಾರು? ಪಾಠ ಅಂದರೆ ಸ್ಲೈಡ್ ಓದೋದು ಅಂದುಕೊಂಡವರು ಯಾರು? 2021ರಲ್ಲಿ ದೇಶದ ತಾಂತ್ರಿಕ ಶಿಕ್ಷಣ ನೋಡಿಕೊಳ್ಳೋ ಮಂಡಳಿ ಎಐಸಿಟಿಇ ಭಾರತೀಯ ಭಾಷೆಗಳಲ್ಲೂ ಇಂಜಿನಿಯರಿಂಗ್ ಕಲಿಸಬಹುದು ಅಂತ ಒಪ್ಪಿಗೆ ಕೊಟ್ಟಿತು. ಕಾಗದದಲ್ಲಿ ಬಾಗಿಲು ತೆರೆದರೆ ಸಾಕೇ? ಕನ್ನಡದಲ್ಲಿ ಓದಿದವರಿಗೆ ಕೆಲಸ ಕೊಡ್ತೀವಿ ಅಂತ ಧೈರ್ಯ ಹೇಳಬೇಕಾದವರೇ ಸುಮ್ಮನಿದ್ದರೆ ಅಪ್ಪ ಅಮ್ಮ ಮಕ್ಕಳನ್ನು ಯಾವ ನಂಬಿಕೆಯ ಮೇಲೆ ಸೇರಿಸಬೇಕು? ಹಳ್ಳಿಯ ಜಾಣ ಮಕ್ಕಳು ಹೀಗೆ ಹಿಂದಿನ ಬೆಂಚಲ್ಲಿ ಮೂಕರಾಗೋದು ನೋಡಿದರೆ ಹೊಟ್ಟೆ ಉರಿಯುತ್ತೆ.

ನಾಳೆ ಊಟದ ಬಿಡುವಿನಲ್ಲಿ ಎಲೆಕ್ಟ್ರಿಕಲ್ ಮೇಡಮ್ಮಿನ ಸ್ಟಾಫ್ ರೂಮಿಗೆ ಹೋಗು. ‘ಮೇಡಂ, ಕನ್ನಡದಲ್ಲಿ ಕೇಳಲಾ?’ ಅನ್ನು. ಆ ಸಿಂಟೆಕ್ಸಿನ ಮಾತನ್ನೇ ಹೇಳು. ಆಮೇಲೆ, ಪೈಪು ಸಣ್ಣದಾದರೆ ನೀರು ಕಮ್ಮಿ ಬರುತ್ತಲ್ಲ, ಕರೆಂಟಿನಲ್ಲಿ ಆ ಪೈಪು ಯಾವುದು ಅಂತ ಕೇಳು.