ಕೈಯಲ್ಲೊಂದು ತಾರೀಖಿರಲಿ

ಓದುಗರ ಪತ್ರ: ‘ನಮ್ಮ ತಾತ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸ್ತಿದ್ರು. ಅವರ ತಮ್ಮ, ಅಂದ್ರೆ ಚಿಕ್ಕತಾತ, ಹಲಸೂರು ಕಡೆಯ ಟೀಮಿನಲ್ಲಿ ಫುಟ್‌ಬಾಲ್ ಆಡ್ತಿದ್ರು. ಇಬ್ಬರೂ ಈಗಿಲ್ಲ. ಅಜ್ಜಿ ಇದ್ದಾರೆ. ಇವರ ಬಗ್ಗೆ ಬರೆಯೋಣ ಅಂತ ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಎಲ್ಲ ಕಡೆ ಅದೇ ನಾಲ್ಕು ಸಾಲು. ಲೈಬ್ರರಿಗೆ ಹೋದೆ. “ಯಾವ ಪುಸ್ತಕ ಬೇಕು?” ಅಂದ್ರು. ಹೇಳೋಕೆ ಗೊತ್ತಾಗಲಿಲ್ಲ, ವಾಪಸ್ ಬಂದೆ. ಅಲ್ಲಿ ಕೂತಿದ್ದವರೆಲ್ಲ ಪರೀಕ್ಷೆಗೆ ಓದೋರು. ನಾಟಕ, ಸಿನಿಮಾ, ಆಟ ಅಂತ ಹುಡುಕೋರಿಗೆ ಅಲ್ಲಿ ಏನಾದ್ರೂ ಸಿಗತ್ತಾ ಸಾರ್?’
ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಸಂಪಾದಕರ ಉತ್ತರ:

ಖಂಡಿತ ಸಿಗುತ್ತದೆ. ನೀವು ಬಾಗಿಲವರೆಗೆ ಹೋಗಿ ವಾಪಸ್ ಬಂದಿದ್ದು ಓದಿ ನನಗೆ ಬೇಜಾರಾಯಿತು. ನಾನೂ ಒಂದು ಕಾಲದಲ್ಲಿ ಹೀಗೇ ಬಂದವನು. ‘ಹಳೇ ನಾಟಕಗಳ ಬಗ್ಗೆ ಏನಾದರೂ ಕೊಡಿ’ ಅಂತ ಕೇಳಿದ್ದೆ. ಅವರು ನಾಲ್ಕು ನಾಟಕದ ಪುಸ್ತಕ ತಂದಿಟ್ಟರು. ನನಗೆ ಬೇಕಿದ್ದದ್ದು ಕಂಪನಿಗಳ ಕಥೆ. ಅದನ್ನು ಹೇಗೆ ಕೇಳಬೇಕು ಅಂತಲೇ ನನಗೆ ಗೊತ್ತಿರಲಿಲ್ಲ.

ನಾಟಕ, ಸಂಗೀತ ಕಚೇರಿ, ಮ್ಯಾಚು ಎಲ್ಲವೂ ನಡೆದ ದಿನವೇ ಮುಗಿದುಹೋಗುವಂಥವು. ಪರದೆ ಇಳಿಯಿತು, ಜನ ಮನೆಗೆ ಹೋದರು, ಬೆಳಿಗ್ಗೆ ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲು ಬಂತು, ಅಷ್ಟೇ. ಪುಸ್ತಕದವರೆಗೆ ಬಂದದ್ದು ಬಹಳ ಕಡಿಮೆ. ಹಾಗಾಗಿ ನಿಮ್ಮ ತಾತ, ಚಿಕ್ಕತಾತ ಇರುವುದು ಹಳೇ ಪೇಪರಿನಲ್ಲಿ. ಆ ಪೇಪರುಗಳನ್ನು ತಿಂಗಳ ಲೆಕ್ಕದಲ್ಲಿ ಬೈಂಡ್ ಮಾಡಿ ಇಟ್ಟಿರುತ್ತಾರೆ. ಅಲ್ಲಿ ‘ನಾಟಕ’ ಅಂತ ಕೇಳಿದರೆ ಯಾರಿಗೂ ಏನೂ ಕೊಡಲಾಗುವುದಿಲ್ಲ. ಇಂಥ ವರ್ಷದ ಇಂಥ ತಿಂಗಳು ಅನ್ನಿ, ಸಂಪುಟ ಮೇಜಿನ ಮೇಲೆ ಬರುತ್ತದೆ.

ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ವಿಷಯವನ್ನೇ ನೋಡಿ. ಅದರ ಪ್ರಿಂಟ್ ಇವತ್ತು ನಮಗೆ ನೋಡಲು ಸಿಗುವುದಿಲ್ಲ. ಆದರೆ ಅದು ನಮ್ಮ ಬೆಂಗಳೂರಿನಲ್ಲಿ ತೆರೆಕಂಡಿದ್ದು 1934ರ ಮಾರ್ಚ್ 3ರಂದು, ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ. ಆ ತಾರೀಖು ಕೈಯಲ್ಲಿದ್ದರೆ ಹುಡುಕಾಟ ಒಂದು ವಾರದ ಪೇಪರಿಗೆ ಇಳಿಯುತ್ತದೆ. ಸಿನಿಮಾಕ್ಕೆ ತಾರೀಖಿನ ಹಿಂದಿನ ದಿನಗಳನ್ನು ನೋಡಬೇಕು, ಯಾಕೆಂದರೆ ಜಾಹೀರಾತು ಮೊದಲು ಬರುತ್ತದೆ. ಆಟಕ್ಕೆ ಮಾರನೇ ದಿನ ನೋಡಬೇಕು.

ಚಿನ್ನಸ್ವಾಮಿ ಮೈದಾನದಲ್ಲಿ ಮೊದಲ ಕ್ರಿಕೆಟ್ ಟೆಸ್ಟ್ ಶುರುವಾಗಿದ್ದು 1974ರ ನವೆಂಬರ್ 22, ಶುಕ್ರವಾರ. ವೆಸ್ಟ್ ಇಂಡೀಸ್‌ನ ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ಗ್ರೀನಿಜ್ 93 ಮತ್ತು 107 ಹೊಡೆದರು. ರಿಚರ್ಡ್ಸ್ ಎರಡು ಇನಿಂಗ್ಸ್‌ನಲ್ಲೂ ನಮ್ಮ ಚಂದ್ರಶೇಖರ್ ಬೌಲಿಂಗಿಗೆ ಸಿಕ್ಕಿ 4 ಮತ್ತು 3ಕ್ಕೆ ಔಟಾದರು. ಇಷ್ಟು ನಿಮಗೆ ಫೋನಿನಲ್ಲೇ ಸಿಗುತ್ತದೆ. ಸ್ಟೇಡಿಯಂ ಹೊರಗೆ ಟಿಕೆಟ್ಟಿಗೆ ಯಾರು ಕ್ಯೂ ನಿಂತರು, ಆ ವಾರ ಊರಿನ ಗಾಳಿ ಹೇಗಿತ್ತು ಅನ್ನುವುದಕ್ಕೆ ಮಾತ್ರ ಆ ವಾರದ ಪೇಪರೇ ಬೇಕು.

ಹಳೇ ಸಂಪುಟ ತೆರೆದಾಗ ಅಂಚು ಪುಡಿಯಾಗಿ ತೊಡೆಯ ಮೇಲೆ ಉದುರುತ್ತದೆ. ಹಾಳೆಯನ್ನು ಮೂಲೆ ಹಿಡಿದು ಎಳೆಯಬೇಡಿ. ಅಂಗೈ ಕೆಳಗೆ ಕೊಟ್ಟು ಮೆಲ್ಲಗೆ ಮಗುಚಿ. ಜೆರಾಕ್ಸ್ ಬೇಡ, ಬೈಂಡಿಂಗ್ ಮುರಿಯುತ್ತದೆ. ಅಲ್ಲಿದ್ದವರ ಒಪ್ಪಿಗೆ ಪಡೆದು ಫೋಟೋ ತೆಗೆದುಕೊಳ್ಳಿ. ಪತ್ರಿಕೆಯ ಹೆಸರು, ತಾರೀಖು, ಪುಟ ಮೂರನ್ನೂ ಅಲ್ಲೇ ಬರೆದುಕೊಳ್ಳಿ. ಮನೆಗೆ ಬಂದ ಮೇಲೆ ಯಾವ ಫೋಟೋ ಯಾವ ದಿನದ್ದು ಅಂತ ಗೊತ್ತಾಗುವುದೇ ಇಲ್ಲ. ಜಾಹೀರಾತುಗಳನ್ನು ಬಿಡಲೇಬೇಡಿ. ನೆಲ, ಬೆಂಚು, ಕುರ್ಚಿ ಅಂತ ಒಂದೊಂದಕ್ಕೂ ದರ ಇರುತ್ತದೆ. ಹೆಂಗಸರಿಗೆ ಬೇರೆ ಜಾಗ ಉಂಟೋ ಇಲ್ಲವೋ ಅದೂ ಇರುತ್ತದೆ. ಒಂದು ಕಾಲದ ಊರು ಹೇಗೆ ಕೂತು ನಾಟಕ ನೋಡುತ್ತಿತ್ತು ಅನ್ನುವುದು ಆ ನಾಲ್ಕು ಬೆರಳಗಲದ ಜಾಹೀರಾತಿನಲ್ಲಿ ಕಾಣುತ್ತದೆ.

ಇನ್ನು ಪುಸ್ತಕದ ಬೀರುಗಳು. ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಜೋಡಿಸಿದ ಗ್ರಂಥಾಲಯವಾದರೆ ಸಂಗೀತ 780, ಸಿನಿಮಾ 791.43, ರಂಗಭೂಮಿ 792, ಹೊರಾಂಗಣ ಆಟಗಳು 796. ಸಿನಿಮಾದಿಂದ ಕ್ರಿಕೆಟ್ಟಿಗೆ ನಾಲ್ಕು ಹೆಜ್ಜೆ, ಅಷ್ಟೇ. ಆದರೆ ನಾಟಕದ ಕೃತಿಗಳು ಕನ್ನಡ ಸಾಹಿತ್ಯದ ಜೊತೆ 894.814ರಲ್ಲಿ, ದೂರದ ಇನ್ನೊಂದು ಸಾಲಿನಲ್ಲಿ ಕೂತಿರುತ್ತವೆ. ನಾನು ಅಂದು ತಪ್ಪಿದ್ದು ಇಲ್ಲೇ. ಗ್ರಂಥಾಲಯಗಳ ಬಗ್ಗೆ ಜಗತ್ತಿಗೇ ಪಾಠ ಹೇಳಿದ ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. ಓದುಗನ ಸಮಯ ಉಳಿಸಬೇಕು ಅನ್ನುವುದು ಅವರ ಐದು ಸೂತ್ರಗಳಲ್ಲಿ ಒಂದು. ಆದ್ದರಿಂದ ಗ್ರಂಥಪಾಲಕರನ್ನು ಸಂಕೋಚವಿಲ್ಲದೆ ಕೇಳಿ. ಪರೀಕ್ಷೆಗೆ ಓದುವ ಮಕ್ಕಳಿಗೆ ಅಲ್ಲಿ ಕುರ್ಚಿ ಇದ್ದ ಹಾಗೆ ನಿಮಗೂ ಇದೆ.

ಹೆಸರು ಬದಲಾಗಿದ್ದರಿಂದ ಎಷ್ಟೋ ಜನ ಎಡವುತ್ತಾರೆ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿದ್ದು 1973ರ ನವೆಂಬರ್ 1ರಂದು. ಅದಕ್ಕೂ ಮುಂಚೆ ನಮ್ಮ ಕ್ರಿಕೆಟ್ ತಂಡ ಆಡಿದ್ದು ‘ಮೈಸೂರು’ ಹೆಸರಿನಲ್ಲಿ. 1934ರ ನವೆಂಬರ್ 4ರಂದು ಮದ್ರಾಸಿನಲ್ಲಿ ನಡೆದ ರಣಜಿಯ ಮೊಟ್ಟಮೊದಲ ಪಂದ್ಯದಲ್ಲಿ ಆಡಿದ್ದೇ ಮದ್ರಾಸ್ ಮತ್ತು ಮೈಸೂರು. ಒಂದೇ ದಿನದಲ್ಲಿ ಮುಗಿದ ಪಂದ್ಯ ಅದು, ನಾವು ಸೋತೆವು. ಕರ್ನಾಟಕ ಅಂತ ಹುಡುಕಿದರೆ ಇದ್ಯಾವುದೂ ಕಾಣುವುದಿಲ್ಲ. ನಿಮ್ಮ ಚಿಕ್ಕತಾತನಿಗೂ ಇದೇ ಮಾತು. 1967-68, 1968-69 ಎರಡು ವರ್ಷ ಸತತವಾಗಿ ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿ ಸಂತೋಷ್ ಟ್ರೋಫಿ ಗೆದ್ದಿದ್ದು ಮೈಸೂರು ತಂಡ. ಅದಕ್ಕೂ ಮುಂಚೆ, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ಫುಟ್‌ಬಾಲ್ ಪಂದ್ಯಾವಳಿ ರೋವರ್ಸ್ ಕಪ್ ಗೆದ್ದು ಬಂದಿತ್ತು. ಫುಟ್‌ಬಾಲ್ ಹೆಚ್ಚಾಗಿ ಬ್ರಿಟಿಷ್ ಸೇನೆ ಇದ್ದ ದಂಡು ಪ್ರದೇಶದ (ಕಂಟೋನ್ಮೆಂಟಿನ) ಆಟ. ಹಾಗಾಗಿ ಕನ್ನಡ ಪೇಪರಿನ ಜೊತೆ ಇಂಗ್ಲಿಷ್ ಪೇಪರನ್ನೂ ತೆರೆಯಿರಿ. ಅಲ್ಲಿ ಆಟಗಾರರ ಹೆಸರಿನ ಕಾಗುಣಿತ ಮೂರು ಥರ ಇರಬಹುದು, ಮೂರನ್ನೂ ಬರೆದಿಟ್ಟುಕೊಳ್ಳಿ.

ತಾತನ ಕೆಲಸ ಸ್ವಲ್ಪ ಕಷ್ಟದ್ದು. ಜಾಹೀರಾತಿನಲ್ಲಿ ನಾಯಕ ನಟರ ಹೆಸರು ಇರುತ್ತದೆ, ಹಾರ್ಮೋನಿಯಂ ಮೇಷ್ಟ್ರ ಹೆಸರು ಅಪರೂಪ. ಅವರನ್ನು ಹುಡುಕಬೇಕಾದ ಜಾಗ ಅಭಿನಂದನ ಗ್ರಂಥಗಳು, ಸ್ಮರಣ ಸಂಚಿಕೆಗಳು, ರಂಗಭೂಮಿಯವರ ಆತ್ಮಕಥೆಗಳು. ಸ್ಮರಣ ಸಂಚಿಕೆಯನ್ನು ಯಾರೂ ಓದುವುದಿಲ್ಲ ಅಂತ ಸುಮ್ನೆ ಬದಿಗಿಡುತ್ತಾರೆ. ಆದರೆ ಹಳೇ ಗ್ರೂಪ್ ಫೋಟೋ, ಅದರ ಕೆಳಗೆ ‘ಕುಳಿತವರು ಎಡದಿಂದ’ ಅಂತ ಹೆಸರುಗಳ ಸಾಲು ಇರುವುದು ಅಲ್ಲೇ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು, ಬಸವನಗುಡಿಯ ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಮೂರರಲ್ಲೂ ಗ್ರಂಥಾಲಯವಿದೆ. ಹೋಗುವ ಮೊದಲು ಫೋನ್ ಮಾಡಿ.

ಕಣ್ಣಾರೆ ಕಂಡವರ ಮಾತನ್ನೇ ನಂಬಬಾರದಾ ಅಂತ ನಿಮಗನ್ನಿಸಬಹುದು. ಹಿಂದೊಮ್ಮೆ ಹಿರಿಯ ಕಲಾವಿದರೊಬ್ಬರು ಪ್ರೀತಿಯಿಂದ ಹೇಳಿದ ಇಸವಿಯನ್ನು ಹಾಗೇ ಅಚ್ಚು ಹಾಕಿದೆ. ಓದುಗರೊಬ್ಬರು ಆ ನಾಟಕದ ಹಳೇ ಕರಪತ್ರವನ್ನೇ ಕಳಿಸಿದರು. ಇಸವಿ ಎರಡು ವರ್ಷ ತಪ್ಪಿತ್ತು. ಕಲಾವಿದರು ಹೇಳಿದ ಊರು, ಮಳೆ, ಜನ, ಎಲ್ಲ ನಿಜವೇ. ಜನರಿಗೆ ಘಟನೆ ನೆನಪಿರುತ್ತದೆ, ಇಸವಿ ಜಾರುತ್ತದೆ. ಅಂದಿನಿಂದ ನೆನಪು, ಕಾಗದ ಎರಡನ್ನೂ ಒಟ್ಟಿಗಿಟ್ಟು ನೋಡದೆ ನಾನು ಏನನ್ನೂ ಅಚ್ಚಿಗೆ ಕೊಟ್ಟಿಲ್ಲ.

ತಾರೀಖೇ ಗೊತ್ತಿಲ್ಲವಲ್ಲ ಅಂತೀರಾ? ನಿಮ್ಮ ಮನೆಯಲ್ಲಿ ಅದನ್ನು ಹೇಳಬಲ್ಲವರು ಅಜ್ಜಿ. ‘ತಾತ ಯಾವ ವರ್ಷ ಕಂಪನಿ ಸೇರಿದರು’ ಅಂತ ಕೇಳಬೇಡಿ, ಹೇಳಲಾರರು. ‘ಅಪ್ಪ ಹುಟ್ಟಿದಾಗ ತಾತ ಯಾವ ಊರಿನ ಕ್ಯಾಂಪಿನಲ್ಲಿದ್ದರು? ಸುದ್ದಿ ಮುಟ್ಟಿಸಿದ್ದು ಯಾರು? ಎಷ್ಟು ದಿನಕ್ಕೆ ಬಂದರು?’ ಅಂತ ಕೇಳಿ. ಅಪ್ಪ ಹುಟ್ಟಿದ ತಾರೀಖು ನಿಮಗೆ ಗೊತ್ತಿದೆ. ಅಜ್ಜಿ ಊರಿನ ಹೆಸರು ಹೇಳಿದರೆ ನಮಗೆ ಒಂದು ತಿಂಗಳು ಸಿಕ್ಕ ಹಾಗೆ. ಆ ತಿಂಗಳು ಆ ಊರಿನಲ್ಲಿ ಯಾವ ಕಂಪನಿ ಮೊಕ್ಕಾಂ ಹೂಡಿತ್ತು ಅನ್ನುವುದನ್ನು ಪೇಪರು ಹೇಳುತ್ತದೆ.

ಈ ಭಾನುವಾರವೇ ಕೂತು ಕೇಳಿ. ಅಜ್ಜಿ ಹೇಳಿದ್ದನ್ನು ಅವರ ಮಾತಲ್ಲೇ ಬರೆದು ನನಗೊಂದು ಪ್ರತಿ ಕಳಿಸಿ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಮೊದಲ ದಿನ ನಾನೂ ಬರುತ್ತೇನೆ.