ಗೋಪಾಲಗೌಡ್ರ ಫೋಟೋ ಎಂತಕ್ಕೆ ಅಂತ ಕೇಳಿದ್ಯಲ್ಲ

ಸತ್ತು 50 ವರ್ಷ ದಾಟಿದ ಎಮ್ಮೆಲ್ಲೆ ಫೋಟೋನ ಜಗಲೀಲಿ ಅಜ್ಜನ ಪಕ್ಕ ಹಾಕ್ಕೊಂಡಿದೀರಲ್ಲ, ಮಲ್ನಾಡಿನೋರು ಇಷ್ಟು ಮುಗ್ಧರಾ ಅಂತ ನಗಾಡ್ದೆ. ಮಾರಾಯ, ವಿಧಾನಸೌಧದ ಹತ್ರ ಗೋಪಾಲಗೌಡ ಸರ್ಕಲ್‌ ಸಿಗ್ನಲ್ಲಲ್ಲಿ ದಿನಾ ನಿಂತು ಹಾರ್ನ್ ಹೊಡೀತೀಯಲ್ಲ, ಅದೇ ಶಾಂತವೇರಿ ಗೋಪಾಲಗೌಡ್ರು ಇವ್ರು.

1952ರಲ್ಲಿ ಸಾಗರ ಹೊಸನಗರದ ಕಡೆಯಿಂದ ಗೆದ್ರು, 57ರಲ್ಲಿ ಸೋತ್ರು, ಆಮೇಲೆ 62, 67 ಎರಡೂ ಸಲ ತೀರ್ಥಹಳ್ಳಿ. ಎಲೆಕ್ಷನ್ನಿಗೆ ದುಡ್ಡಿಲ್ದೆ ಜನರ ಹತ್ರಾನೇ ಒಂದು ವೋಟು ಒಂದು ನೋಟು ಕೊಡಿ ಅಂತ ಕೇಳಿದೋರು. ಈಗ ನೋಟು ಯಾವ ಕಡೆಯಿಂದ ಯಾವ ಕಡೆಗೆ ಹೋಗ್ತದೆ ಅಂತ ನಿಂಗೂ ಗೊತ್ತು. 1951ರಲ್ಲಿ ಕಾಗೋಡಲ್ಲಿ ಭತ್ತ ಅಳೆಯೋ ಕೊಳಗದ ಜಗಳ ಸತ್ಯಾಗ್ರಹ ಆದಾಗ ಗೇಣಿದಾರರ ಜೊತೆ ನಿಂತಿದ್ರು. ನಮ್ಮಜ್ಜಂದೂ ಗೇಣಿ ಗದ್ದೇನೇ, 1974ರ ಭೂಸುಧಾರಣೆ ಕಾಯ್ದೆ ಬಂದ್ಮೇಲೆ ಅವ್ರ ಹೆಸರಿಗಾಯ್ತು. ಗೌಡ್ರು ಅದ್ನ ನೋಡ್ಲಿಲ್ಲ, 1972ರ ಜೂನಲ್ಲೇ ತೀರ್ಕೊಂಡ್ರು. ಸದನದಲ್ಲಿ ಹಟ ಹಿಡಿದಿದ್ದ ಕರ್ನಾಟಕ ಅನ್ನೋ ಹೆಸರೂ ಮರುವರ್ಷವೇ ಬಂದಿದ್ದು.

ಗದ್ದೆ ಏನೋ ಬಂತು, ಆದ್ರೆ ಅದ್ರ ಮೇಲಿನ ಅಡಿಕೆ ತೋಟ ಇದ್ಯಲ್ಲ, ನೀನು ರೀಲ್ಸ್ ಮಾಡಿದ್ದು, ಅದು ಇವತ್ತಿಗೂ ಬಗರ್ ಹುಕುಂ, ಅಂದ್ರೆ ಹಕ್ಕುಪತ್ರ ಇಲ್ದೆ ಸರ್ಕಾರಿ ಜಾಗದಲ್ಲಿ ಮಾಡ್ಕೊಂಡ್ ಬಂದ ಸಾಗುವಳಿ. ಸಕ್ರಮ ಮಾಡ್ಕೊಡಿ ಅಂತ ಅಪ್ಪ 1991ರಲ್ಲಿ ಫಾರಂ 50 ಅರ್ಜಿ ಹಾಕಿದ್ರು, ಆಗ್ಲಿಲ್ಲ, ಆಮೇಲೆ 53 ಅದೂ ಆಗ್ಲಿಲ್ಲ, 2018ರಲ್ಲಿ 57 ಬಂತು, ಅದಕ್ಕೆ 2005ಕ್ಕಿಂತ ಮೊದ್ಲಿಂದ ಸಾಗುವಳಿ ಮಾಡಿದ್ದಕ್ಕೆ ಸಾಕ್ಷಿ ಬೇಕಂತೆ. ಅಪ್ಪ ತಬ್ಬಿ ಹಿಡಿದ್ರೂ ಕೈ ಕೂಡದಷ್ಟು ದಪ್ಪದ ಹಲಸಿನ ಮರ ಅವ್ರೇ ನೆಟ್ಟಿದ್ದು, ಅದು ಸಾಕ್ಷಿ ಅಲ್ವಂತೆ. ಈ ಟೇಬಲ್ಲಿನೋರು ಕಂದಾಯದ ಜಾಗ ಅಂತಾರೆ, ಆ ಟೇಬಲ್ಲಿನೋರು ಕಾಡು ಅಂತಾರೆ, ಜಂಟಿ ಸರ್ವೆ ಆಗ್ಲಿ ಅಂದ್ರೆ ಮಳೆ ಹಿಡ್ಕೊಂತು ನವೆಂಬರಲ್ಲಿ ನೋಡಣ ಅಂತಾರೆ, ನವೆಂಬರಲ್ಲಿ ಸರ್ವೆಯರ್ ಟ್ರಾನ್ಸ್‌ಫರ್. ಈಗ ಸ್ಯಾಟಲೈಟ್ ಫೋಟೋ ನೋಡ್ತಾರಂತೆ. ಹಲಸು, ಮಾವು, ಸಂಪಿಗೆ ನೆರಳಲ್ಲಿರೋ ಮಲ್ನಾಡ್ ತೋಟ ಮೇಲಿಂದ ಕಾಡಿನ ಹಾಗೇ ಕಾಣ್ತದೆ ಮಾರಾಯ! ಮರ ಎಲ್ಲ ಕಡಿದು ಬೋಳು ಮಾಡಿದ್ರೆ ರೈತ, ಉಳಿಸ್ಕೊಂಡ್ರೆ ಒತ್ತುವರಿದಾರ.

ಶರಾವತಿಗೆ ಊರು ಬಿಟ್ಕೊಟ್ಟು ಬಂದೋರದ್ದು ಇದಕ್ಕಿಂತ ಹಳೇ ಗೋಳು, ಲಿಂಗನಮಕ್ಕಿ ಡ್ಯಾಮ್ ತುಂಬಿ 60 ವರ್ಷ ಆದ್ರೂ ಹಕ್ಕುಪತ್ರಕ್ಕೆ ಅಲೀತಾನೇ ಇದಾರೆ, ಕರೆಂಟು ಮಾತ್ರ ನಿಮ್ಮನೆ ತನಕ ಬಂತು.

ಮಾರ್ಚ್ 14 ಗೌಡ್ರ ಹುಟ್ಟಿದ ದಿನ. ಎಲ್ಲಾ ಪಾರ್ಟಿಯೋರೂ ಭಾಷಣ ಮಾಡ್ತಾರೆ, ಮಾಡ್ಲಿ. ನನ್ನ ಕೇಳಿದ್ರೆ ಆವತ್ತು ಹಾರ ತರೋ ಬದ್ಲು ಒಂದು ಹೋಬಳಿಯ ಬಾಕಿ ಫೈಲಾದ್ರೂ ಹೊತ್ಕೊಂಡ್ ಬಂದು ಅಲ್ಲೇ ಕೂತು ಸೈನ್ ಹಾಕ್ಲಿ, ಅವ್ರಿಗೆ ಅದಕ್ಕಿಂತ ದೊಡ್ಡ ಸ್ಮಾರಕ ಎಂತದೂ ಬೇಡ. ನಂಗೆ ಸೋಮವಾರ ಮತ್ತೆ ಆಫೀಸಿಗೆ ಹೋಗ್ಲಿಕ್ಕುಂಟು, ಅಪ್ಪನ ಹಳೇ ಅರ್ಜಿಯ ರಶೀದಿ ಕೇಳಿದಾರೆ. ಅವ್ರೇ ಇಸ್ಕೊಂಡಿದ್ದು.