ಕ್ಯಾಲೆಂಡರಿನಲ್ಲಿ ಒಂದೂ ಸುತ್ತಿರಲಿಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಚೊಚ್ಚಲ ಬಾಣಂತಿ. ಗರ್ಭದ 33ನೇ ವಾರಕ್ಕೇ ಹುಟ್ಟಿದ ಗಂಡುಮಗುವಿಗೆ ಆಗ 13 ವಾರ ತುಂಬಿತ್ತು. ಬಂದು ಕುಳಿತವಳೇ ಚೀಲದಿಂದ ಗೋಡೆಯ ಕ್ಯಾಲೆಂಡರ್ ತೆಗೆದು ಬಿಡಿಸಿದಳು. ಮಗು ತನ್ನ ಮುಖ ನೋಡಿದ ದಿನಕ್ಕೆ ಸುತ್ತು ಹಾಕಬೇಕೆಂದು ಅದಕ್ಕೆ ಪೆನ್ನು ಕಟ್ಟಿಟ್ಟಿದ್ದಳು. ಎರಡು ಹಾಳೆಯಲ್ಲಿ ಒಂದೂ ಸುತ್ತಿರಲಿಲ್ಲ.

"ಗ್ರಹಣದ ದಿನ ಅಂಗಳಕ್ಕೆ ಹೋಗಿದ್ದೆ ಮೇಡಂ. ಅದರಿಂದಲೇ ಹೀಗಾಯಿತು ಎನ್ನುತ್ತಾರೆ ಅತ್ತೆ."

ಕಣ್ಣಿನ ವೈದ್ಯರ ಚೀಟಿ ಜೊತೆಗಿತ್ತು. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಿಗೆ ಮಾಡುವ ಅಕ್ಷಿಪಟಲದ (ಕಣ್ಣಿನೊಳಗೆ ಬೆಳಕನ್ನು ಗ್ರಹಿಸುವ ಪರದೆಯ) ತಪಾಸಣೆಯಲ್ಲಿ ದೋಷ ಕಂಡಿಲ್ಲ; ಬೆಳಕಿಗೆ ಪಾಪೆ ಕಿರಿದಾಗುತ್ತಿದೆ. 'ಮಯಲಿನ್ ಇನ್ನೂ ಬೆಳೆಯಬೇಕು, ಕಾಯೋಣ' ಎಂದಿದ್ದರು. ಅದು ಆಕೆಯ ಕಿವಿಗೆ 'ನರಕ್ಕೆ ಹೊದಿಕೆಯೇ ಇಲ್ಲ' ಎಂದು ಬಿದ್ದಿತ್ತು. ಅಂದಿನಿಂದ ನಿದ್ದೆಯಿಲ್ಲ.

ಕಾಗದದ ಮೇಲೆ ಕಣ್ಣು, ಮಿದುಳು ಬರೆದು ತೋರಿಸಿದೆ. ಒಂದೊಂದು ದೃಷ್ಟಿನರದಲ್ಲಿ ಸುಮಾರು 10 ಲಕ್ಷ ಎಳೆಗಳಿವೆ. ಎಳೆಗೆ ಕೊಬ್ಬಿನಂಶದ ಪದರ ಸುರುಳಿ ಸುರುಳಿಯಾಗಿ ಸುತ್ತಿಕೊಂಡರೆ ಸಂದೇಶ ವೇಗವಾಗಿ ಓಡುತ್ತದೆ, ಅದೇ ಮಯಲಿನ್. ಸುತ್ತುವ ಕೆಲಸ ಮಿದುಳಿನ ಕಡೆಯಿಂದ ಶುರುವಾಗಿ ಕಣ್ಣಿನತ್ತ ಸಾಗುತ್ತದೆ. ದಿನ ತುಂಬುವ ಹೊತ್ತಿಗೆ ಕಣ್ಣುಗುಡ್ಡೆಯ ಹಿಂಬದಿಗೆ ಬಂದು ನಿಲ್ಲುತ್ತದೆ. ಒಳಗೆ, ಅಕ್ಷಿಪಟಲದಲ್ಲಿ, ಎಳೆಗಳು ಬರಿದಾಗಿಯೇ ಉಳಿಯುತ್ತವೆ. ಇಲ್ಲದಿದ್ದರೆ ಬೆಳಕು ದಾಟುವುದು ಹೇಗೆ? ಎಷ್ಟು ಸಲ ಬರೆದು ತೋರಿಸಿದರೂ ಇಲ್ಲಿಗೆ ಬಂದಾಗ ನನಗೆ ಬೆರಗಾಗುತ್ತದೆ. ಹೊದಿಕೆ ದಪ್ಪವಾಗುವುದು ಹುಟ್ಟಿದ ಮೇಲೂ ಸುಮಾರು 2 ವರ್ಷ ನಡೆಯುತ್ತದೆ.

"ನಿಮ್ಮ ಮಗ 7 ವಾರ ಮೊದಲೇ ಬಂದಿದ್ದಾನೆ. ಅಷ್ಟು ಕಳೆದರೆ ಅವನಿಗೆ ಈಗ 6 ವಾರ. ಲೆಕ್ಕ ಅಲ್ಲಿಂದ ಹಿಡಿಯಿರಿ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲಮ್ಮ."

ಆಕೆ ಬೆರಳು ಮಡಚಿ ಎಣಿಸಿದಳು, ಎರಡು ಸಲ.

ದಿನವೂ ಮೊಬೈಲ್ ಟಾರ್ಚನ್ನು ಮಗುವಿನ ಕಣ್ಣಿಗೆ ಹಿಡಿದು ನೋಡುತ್ತಿದ್ದಳು. ಅದನ್ನು ಮೊದಲು ಬಿಡಿಸಿದೆ. ಹಾಲೂಡಿಸುವಾಗ ನಿಮ್ಮ ಮುಖ ಒಂದು ಗೇಣಿನಷ್ಟು ದೂರದಲ್ಲಿರಲಿ, ಎಳೆಗೂಸಿಗೆ ಚೆನ್ನಾಗಿ ಕಾಣುವುದು ಅಲ್ಲಿಯೇ ಎಂದೆ. ಕಿಟಕಿಯ ಬೆಳಕು ಮುಖದ ಮೇಲೆ ಬೀಳಲಿ. ಸದ್ದು ಮಾಡದೆ ತಲೆಯನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿ ನೋಡಿ. ಮಾತನಾಡಿದರೆ ಮಗು ದನಿಗೆ ತಿರುಗಿತೋ ಮುಖಕ್ಕೋ ತಿಳಿಯುವುದಿಲ್ಲ. ಕಣ್ಣುಗುಡ್ಡೆ ನಿಲ್ಲದೆ ಅತ್ತಿತ್ತ ಹೊಯ್ದಾಡಿದರೆ, ಪಾಪೆಯಲ್ಲಿ ಬಿಳುಪು ಕಂಡರೆ ಕಾಯಬಾರದು, ಅಂದೇ ವೈದ್ಯರ ಬಳಿ ಹೋಗಬೇಕು. ಮುಂದಿನ ಸಲ ಅತ್ತೆಯನ್ನೂ ಕರೆತನ್ನಿ ಎಂದೆ.

ಅತ್ತೆ ಬಂದರು. ಅವರಿಗೂ ಅದೇ ಚಿತ್ರ ಬರೆದೆ. ಬಹಳ ಹೊತ್ತು ಅದನ್ನೇ ನೋಡಿ, "ನನಗೆ ಯಾರೂ ಹೀಗೆ ಹೇಳಿರಲಿಲ್ಲ" ಎಂದರು.

ಮತ್ತೆ 5 ವಾರ ಕಳೆದು ಮೂವರೂ ಬಂದಾಗ, ತೊಡೆಯ ಮೇಲಿದ್ದ ಮಗು ಬಾಗಿದ ಅಜ್ಜಿಯ ಮೂಗುತಿಯ ಹಿಂದೆ ಕಣ್ಣು ಹೊರಳಿಸಿತು. ಆದರೂ ಕಣ್ಣಿನ ವೈದ್ಯರ ಮುಂದಿನ ತಪಾಸಣೆ ತಪ್ಪಿಸುವಂತಿಲ್ಲ. ಆ ತಾರೀಕಿಗೆ ಕ್ಯಾಲೆಂಡರಿನಲ್ಲಿ ನಾನೇ ಸುತ್ತು ಹಾಕಿಕೊಟ್ಟೆ.